ಸಿಸ್ಟರ್ ‘ಬೇಡ’ ಅಂದರೆ ಕೆಲಸ ನಿಲ್ಲುತ್ತದೆಯೇ? ಮಕ್ಕಳ ಆಸ್ಪತ್ರೆಯ ಸೋಂಕು ಮತ್ತು ನರ್ಸ್‌ಗಳ ಅಧಿಕಾರ

“ಸಾರ್, ವಾಚು.”

ಸಿಸ್ಟರ್ ಹೇಳಿದ್ದು ಅಷ್ಟೇ. ದನಿ ಏರಿಸಲಿಲ್ಲ, ಕೈಯಲ್ಲಿದ್ದ ಕೇಸ್‌ಶೀಟಿನಿಂದ ಪೂರ್ತಿ ತಲೆ ಎತ್ತಲೂ ಇಲ್ಲ. ರೌಂಡ್ಸಿಗೆ ಬಂದಿದ್ದ ಹಿರಿಯ ಡಾಕ್ಟರು ಮಾತಾಡುತ್ತಲೇ ನವಜಾತ ಶಿಶುಗಳ ಐಸಿಯು ಒಳಗೆ ಒಂದು ಕಾಲು ಇಟ್ಟಾಗಿತ್ತು. ಅವರು ಹಿಂದೆ ಸರಿದರು. ವಾಚು ಬಿಚ್ಚಿ ಜೇಬಿಗೆ ಹಾಕಿ, ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ನಲ್ಲಿಯ ಹತ್ತಿರ ಹೋದರು. ಹಿಂದಿದ್ದ ಇಬ್ಬರು ಪಿ.ಜಿ. ಹುಡುಗರು ಹೇಳಿಸಿಕೊಳ್ಳುವ ಮೊದಲೇ ತಮ್ಮ ವಾಚು ಬಿಚ್ಚಿದರು. ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ನಾನು ಇದನ್ನು ನೋಡುತ್ತಿದ್ದೆ. ಒಳಗಿದ್ದದ್ದು ನನ್ನ ತಂಗಿಯ ಮಗಳು. ಏಳೂವರೆ ತಿಂಗಳಿಗೇ ಹುಟ್ಟಿದ ಕೂಸು, 1,340 ಗ್ರಾಂ.

ಅಲ್ಲಿಗೆ ಬರುವ ಮೊದಲು ಮೂರು ದಿನ ಕೂಸು ಬೇರೊಂದು ಆಸ್ಪತ್ರೆಯಲ್ಲಿತ್ತು. ಅಲ್ಲಿ ಒಬ್ಬರು ಹೊರಗಿನಿಂದ ನೇರ ಬಂದು, ಮೊಬೈಲು ಮುಟ್ಟಿದ ಕೈಯಲ್ಲೇ ಮಗುವಿನ ಹೊಟ್ಟೆ ಒತ್ತಿ ನೋಡಿ ಹೋದರು. ಪಕ್ಕದಲ್ಲೇ ನಿಂತಿದ್ದ ನರ್ಸ್‌ಗೆ ನಾನು, “ಕೈ ತೊಳೀಲೇ ಇಲ್ವಲ್ಲ ಅವರು?” ಅಂದೆ. ಆ ಹುಡುಗಿ ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು: “ನಾವು ಹೇಳೋ ಹಾಗಿಲ್ಲ ಅಣ್ಣ. ನಾನು ಇಲ್ಲಿ ಕಾಂಟ್ರಾಕ್ಟು.”

ಎರಡೂ ಕಡೆ ನಲ್ಲಿ ಇತ್ತು, ಸೋಪು ಇತ್ತು, ಪ್ರತಿ ಹಾಸಿಗೆಗೂ ಕೈಗೆ ಹಚ್ಚಿಕೊಳ್ಳುವ ಸ್ಟೆರಿಲಿಯಂ ಬಾಟಲಿ ನೇತುಹಾಕಿತ್ತು. ಕೈ ತೊಳೆಯುವ ಕ್ರಮ ತೋರಿಸುವ ಅದೇ ಪೋಸ್ಟರ್ ಎರಡೂ ಗೋಡೆಗಳ ಮೇಲಿತ್ತು. ಬೇರೆಯಾಗಿದ್ದದ್ದು ಒಂದೇ: ಒಂದು ಕಡೆ ನರ್ಸ್ ‘ಬೇಡ’ ಅನ್ನಬಹುದಿತ್ತು, ಇನ್ನೊಂದು ಕಡೆ ಅನ್ನುವ ಹಾಗಿರಲಿಲ್ಲ. ಮಕ್ಕಳ ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣ ಅಂದರೆ ನಮಗೆ ಫಿನಾಯಿಲ್ ವಾಸನೆ, ಹೊಳೆಯುವ ನೆಲ, ಮಾಸ್ಕು ನೆನಪಾಗುತ್ತದೆ. ಅದರ ಜೀವಾಳ ಇರುವುದು ಈ ‘ಬೇಡ’ದಲ್ಲಿ. ನಮ್ಮ ವ್ಯವಸ್ಥೆ ಸೋಂಕಿನ ಹೊಣೆಯನ್ನು ಪೂರ್ತಿಯಾಗಿ ನರ್ಸ್‌ಗಳ ಹೆಗಲಿಗೆ ಹಾಕಿದೆ, ಅದನ್ನು ತಡೆಯಲು ಬೇಕಾದ ಅಧಿಕಾರವನ್ನು ಮಾತ್ರ ಕೊಟ್ಟಿಲ್ಲ.

ಮೊದಲು ಸಮಸ್ಯೆಯ ಗಾತ್ರ ನೋಡೋಣ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ಒಂದು ಅಧ್ಯಯನ ನಡೆಯಿತು. 2016ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಪ್ರಕಟವಾಯಿತು. ನಿಗಾ ಘಟಕ ಸೇರಿದ 13,530 ನವಜಾತ ಶಿಶುಗಳಲ್ಲಿ ಶೇ 14.3ರಷ್ಟು ಮಕ್ಕಳಿಗೆ ರಕ್ತದ ಸೋಂಕು, ಅಂದರೆ ಸೆಪ್ಸಿಸ್ ಆಗಿತ್ತು. ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಕ್ರಿಮಿ ಪತ್ತೆಯಾದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಉಳಿಯಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕ ಕ್ರಿಮಿ ಅಸಿನೆಟೊಬ್ಯಾಕ್ಟರ್. ಅದರಲ್ಲಿ ಶೇ 80ಕ್ಕಿಂತ ಹೆಚ್ಚು ಹಲವು ಔಷಧಿಗಳಿಗೆ ಬಗ್ಗದ ತಳಿ.

ಆ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆ. ಸೋಂಕಿನ ಬಹುಪಾಲು ಹುಟ್ಟಿದ ಮೊದಲ 72 ಗಂಟೆಗಳಲ್ಲೇ ಕಾಣಿಸಿಕೊಂಡಿತ್ತು. ಇಷ್ಟು ಬೇಗ ಬರುವ ಸೋಂಕು ತಾಯಿಯಿಂದ ಬಂದದ್ದು ಅನ್ನುವುದು ಪಠ್ಯಪುಸ್ತಕದ ಪಾಠ. ಇಲ್ಲಿ ಮಾತ್ರ ಮೊದಲ ಮೂರು ದಿನದ ಕ್ರಿಮಿಯೂ ಆಮೇಲಿನ ಕ್ರಿಮಿಯೂ ಹೆಚ್ಚುಕಡಿಮೆ ಒಂದೇ ಬಗೆಯವು, ಆಸ್ಪತ್ರೆಯಲ್ಲಿ ಬೇರುಬಿಡುವ ಜಾತಿಯವು. ಅಂದರೆ ಹೆರಿಗೆ ಕೋಣೆಯಲ್ಲೇ, ಹೊಕ್ಕುಳಬಳ್ಳಿ ಕತ್ತರಿಸುವಲ್ಲೇ, ಮಗುವಿನ ಬಾಯಿ ಮೂಗಿನ ಲೋಳೆ ಎಳೆಯುವ ಸಕ್ಷನ್ ಕೊಳವೆಯಲ್ಲೇ ಹುಡುಕಬೇಕಾದದ್ದು ಬಹಳಷ್ಟಿದೆ. ಆ ಜಾಗಗಳೆಲ್ಲ ನರ್ಸ್‌ಗಳ ಕೈಯಲ್ಲಿರುವಂಥವು.

ಮಗುವಿಗೆ ಸೋಂಕು ದೊಡ್ಡವರಿಗೆ ತಗಲಿದ ಹಾಗೆ ತಗಲುವುದಿಲ್ಲ. ನನ್ನ ತಂಗಿಯ ಕೂಸಿನ ಮೈಯಲ್ಲಿದ್ದ ರಕ್ತವೆಲ್ಲ ಸೇರಿ ಸುಮಾರು 120 ಎಂ.ಎಲ್.; ಒಂದು ಕಾಫಿ ಲೋಟದ ಲೆಕ್ಕ. ಚರ್ಮ ತೇವದ ಕಾಗದದಂತೆ, ಪ್ಲಾಸ್ಟರ್ ಕಿತ್ತರೆ ಜೊತೆಗೇ ಬರುತ್ತದೆ. ಅಮ್ಮನಿಂದ ಮಗುವಿಗೆ ರೋಗನಿರೋಧಕ ಅಂಶ ಹೆಚ್ಚಾಗಿ ದಾಟುವುದು ಬಸಿರಿನ ಕೊನೆಯ ತಿಂಗಳುಗಳಲ್ಲಿ. ಬೇಗ ಹುಟ್ಟಿದ ಮಗುವಿಗೆ ಆ ಗಂಟು ಸಿಕ್ಕಿಯೇ ಇರುವುದಿಲ್ಲ. ಜ್ವರವೂ ಬರಬೇಕೆಂದಿಲ್ಲ, ಹಾಲು ಕುಡಿಯುವುದು ಸ್ವಲ್ಪ ಕಡಿಮೆಯಾಯಿತು, ಬಣ್ಣ ಸ್ವಲ್ಪ ಮಂಕಾಯಿತು, ಮೈ ತಣ್ಣಗಾಯಿತು, ಅಷ್ಟೇ ಸುಳಿವು. ಅದನ್ನು ಮೊದಲು ಕಾಣುವವರು ಎಂಟು ಗಂಟೆ ಪಕ್ಕದಲ್ಲಿರುವ ಸಿಸ್ಟರ್. “ಯಾಕೋ ಮಗು ನಿನ್ನೆ ಥರ ಇಲ್ಲ ಡಾಕ್ಟ್ರೇ” ಎಂಬ ಅವರ ಮಾತಿಗೆ ಬೆಲೆ ಇರುವ ವಾರ್ಡಿನಲ್ಲಿ ಆಂಟಿಬಯೋಟಿಕ್ ಬೇಗ ಶುರುವಾಗುತ್ತದೆ.

ಇನ್ನು ‘ಲೈನ್’ ಎಂದು ಕರೆಯುವ ನಳಿಕೆಯ ಬಗ್ಗೆ ಹೇಳಬೇಕು. ನರ್ಸ್‌ಗಳ ಪಾತ್ರ ಎಷ್ಟು ದೊಡ್ಡದು ಎಂದು ನನಗೆ ತಿಳಿದದ್ದು ಅದರಿಂದಲೇ.

ಬೇಗ ಹುಟ್ಟಿದ ಮಗುವಿಗೆ ಹಾಲು ಅರಗುವವರೆಗೆ ಸಕ್ಕರೆ, ಪ್ರೋಟೀನ್, ಕೊಬ್ಬನ್ನು ನೇರ ರಕ್ತಕ್ಕೇ ಕೊಡುತ್ತಾರೆ. ಅದಕ್ಕಾಗಿ ಹೊಕ್ಕುಳಿನ ರಕ್ತನಾಳದಿಂದಲೋ ಕೈಕಾಲಿನ ನಾಳದಿಂದಲೋ ದಾರದಷ್ಟು ತೆಳುವಾದ ನಳಿಕೆಯೊಂದನ್ನು ಹೃದಯದ ಹತ್ತಿರದವರೆಗೆ ಸೇರಿಸುತ್ತಾರೆ. ಇದೇ ಸೆಂಟ್ರಲ್ ಲೈನ್. ಮಗುವಿಗೆ ಅನ್ನ ಅದು, ಕ್ರಿಮಿಗೂ ಅನ್ನವೇ. ಲೈನ್ ಹಾಕುವುದು ಡಾಕ್ಟರು; ಗೌನು, ಗ್ಲೌಸು, ಹಸಿರು ಬಟ್ಟೆ, ಒಂದು ಗಂಟೆಯೊಳಗಿನ ಕೆಲಸ. ಆಮೇಲಿನ ಹತ್ತು ಹದಿನೈದು ದಿನ ಅದನ್ನು ಕಾಯುವುದು ನರ್ಸ್. ಔಷಧಿ ಕೊಡುವಾಗೆಲ್ಲ ಲೈನಿನ ಬಾಯಿ ತೆರೆಯಬೇಕು. ತೆರೆಯುವ ಮೊದಲು ಆ ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ ಸುತ್ತಲೂ ಚೆನ್ನಾಗಿ ತಿಕ್ಕಿ, ಅದು ತಾನಾಗಿ ಆರುವವರೆಗೆ ಕಾಯಬೇಕು. ಕಾಯುವುದೇ ಕಷ್ಟ, ಏಕೆಂದರೆ ಅಷ್ಟರಲ್ಲಿ ಇನ್ನೊಂದು ಮಗುವನ್ನು ಬೆಚ್ಚಗಿಟ್ಟಿರುವ ಪಕ್ಕದ ವಾರ್ಮರ್‌ನಿಂದ ಅಲಾರಂ ಹೊಡೆಯುತ್ತಿರುತ್ತದೆ. ಸಿಸ್ಟರ್ ಒಬ್ಬರು ತುಟಿ ಅಲ್ಲಾಡಿಸುತ್ತ ಹದಿನೈದು ಎಣಿಸುವುದನ್ನು ನಾನು ಗಾಜಿನಾಚೆಯಿಂದ ನೋಡಿದ್ದೇನೆ. ಮೊದಲು ದೇವರ ಹೆಸರು ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.

ಅಮೆರಿಕದ ಮಕ್ಕಳ ಆಸ್ಪತ್ರೆಗಳ 29 ಐಸಿಯುಗಳು ಸೇರಿ ಈ ಲೈನ್ ಸೋಂಕನ್ನು ತಗ್ಗಿಸಲು ಹೊರಟವು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಇಲ್ಲಿ ಬಳಸುವ ಅಳತೆ ‘1,000 ಲೈನ್ ದಿನಗಳಿಗೆ ಎಷ್ಟು ಸೋಂಕು’ ಎಂಬುದು. ಹತ್ತು ಮಕ್ಕಳಿಗೆ ಹತ್ತು ದಿನ ಲೈನ್ ಇದ್ದರೆ ಅದು 100 ಲೈನ್ ದಿನ. ಆ ಆಸ್ಪತ್ರೆಗಳಲ್ಲಿ ಇದು 5.4ರಿಂದ 3.1ಕ್ಕೆ ಇಳಿಯಿತು. ಇಳಿದದ್ದು ಯಾವುದರಿಂದ ಎಂದು ಬಿಡಿಸಿ ನೋಡಿದಾಗ, ಲೈನ್ ಹಾಕುವ ಹೊತ್ತಿನ ಶಿಸ್ತಿಗಿಂತ ಹಾಕಿದ ಮೇಲಿನ ದಿನನಿತ್ಯದ ಆರೈಕೆಯೇ ಕಾರಣ ಎಂದು ಕಂಡುಬಂತು. ದೊಡ್ಡವರಿಗೆ ಲೈನ್ ಹಾಕುವಾಗಿನ ಎಚ್ಚರವೇ ಬಹಳಷ್ಟನ್ನು ತಡೆಯಬಹುದು. ಮಕ್ಕಳಲ್ಲಿ ಲೈನ್ ಬಹಳ ದಿನ ಇರುತ್ತದೆ, ಬಹಳ ಸಲ ತೆರೆಯಲ್ಪಡುತ್ತದೆ. ಹಾಗಾಗಿ ಅಲ್ಲಿ ಗೆಲುವೂ ಸೋಲೂ ನರ್ಸ್‌ನ ಬೆರಳ ತುದಿಯಲ್ಲಿದೆ. ಮಕ್ಕಳ ಆಸ್ಪತ್ರೆಯ ಸೋಂಕು ನಿಯಂತ್ರಣ ಮೂಲತಃ ನರ್ಸಿಂಗ್ ಕೆಲಸ ಎಂದು ನಾನು ಹೇಳುವುದು ಗೌರವಕ್ಕಾಗಿ ಅಲ್ಲ, ಈ ಲೆಕ್ಕದ ಮೇಲೆ. ನಮ್ಮ ದೇಶದ ಆಸ್ಪತ್ರೆ ಸೋಂಕಿನ ನಿಗಾ ಜಾಲಕ್ಕೆ ಸೇರಿದ ಆಸ್ಪತ್ರೆಗಳಲ್ಲಿ 2017–18ರಲ್ಲಿ ನವಜಾತ ಶಿಶುಗಳ ಐಸಿಯುಗಳ ಈ ಸಂಖ್ಯೆ 1,000 ಲೈನ್ ದಿನಗಳಿಗೆ 20ಕ್ಕಿಂತ ಮೇಲಿತ್ತು. ಅಲ್ಲಿನ ಮಕ್ಕಳೂ ಇಲ್ಲಿನ ಮಕ್ಕಳೂ ಒಂದೇ ಬಗೆಯವರಲ್ಲ, ನೇರ ಹೋಲಿಕೆ ಸಲ್ಲದು. ಆದರೂ ಅಂತರ ಸಣ್ಣದಲ್ಲ.

ಹಾಗಿದ್ದರೆ ನರ್ಸ್‌ಗಳಿಗೆ ತರಬೇತಿ ಕೊಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ಕಾರ್ಯಾಗಾರ, ಪ್ರಮಾಣಪತ್ರ, ಫೋಟೊ. ತರಬೇತಿ ಬೇಡ ಎಂದು ನಾನು ಹೇಳುವುದಿಲ್ಲ. ಜಿನೀವಾದ ಒಂದು ಕಥೆ ಕೇಳಿ. 1996ರ ಕೊನೆ, 1997ರ ಆರಂಭದಲ್ಲಿ ಅಲ್ಲಿನ ನವಜಾತ ಶಿಶು ಘಟಕದಲ್ಲಿ ಎಂಟರೊಬ್ಯಾಕ್ಟರ್ ಸೋಂಕು ಹಬ್ಬಿತು. ಆಗ ಮಕ್ಕಳು ಹಾಸಿಗೆ ಮೀರಿ ತುಂಬಿದ್ದರು, ಸಿಬ್ಬಂದಿ ಸಾಲದಾಗಿತ್ತು. ಮಗುವಿಗೆ ಹಾಕಿದ ನಳಿಕೆ, ಉಪಕರಣಗಳನ್ನು ಮುಟ್ಟುವ ಮೊದಲು ಕೈ ಶುಚಿ ಮಾಡಿಕೊಂಡದ್ದು ಶೇ 25ರಷ್ಟು ಸಲ ಮಾತ್ರ. ನೂಕುನುಗ್ಗಲು ಮುಗಿದ ಮೇಲೆ ಅದೇ ಘಟಕದಲ್ಲಿ ಅದು ಶೇ 70ಕ್ಕೆ ಏರಿತು. ಕೈ ತೊಳೆಯಬೇಕೆಂಬ ತಿಳಿವಳಿಕೆ ಆ ಮಧ್ಯೆ ಹೊಸದಾಗಿ ಬಂದದ್ದಲ್ಲ. ಬಂದದ್ದು ಪುರುಸೊತ್ತು.

ನಾವೇ ಗುಣಿಸಿ ನೋಡಬಹುದು. ಐಸಿಯುನಲ್ಲಿ ಗಂಟೆಗೆ 20 ಸಲ ಕೈ ಶುಚಿ ಮಾಡಿಕೊಳ್ಳುವ ಸಂದರ್ಭ ಬರುತ್ತದೆ ಎಂದಿಟ್ಟುಕೊಳ್ಳಿ. ಮಗುವನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಲೈನ್ ತೆರೆಯುವ ಮೊದಲು, ಮಲಮೂತ್ರ ರಕ್ತ ತಾಗಿದ ಮೇಲೆ, ಮಗುವಿನ ಸುತ್ತಲಿನ ವಸ್ತು ಮುಟ್ಟಿದ ಮೇಲೆ: ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಹೊತ್ತುಗಳಿವು. ಸೋಪು ನೀರಿನಲ್ಲಾದರೆ ಒಂದು ಸಲಕ್ಕೆ 40ರಿಂದ 60 ಸೆಕೆಂಡ್. ಅಂದರೆ ಗಂಟೆಯಲ್ಲಿ ಇಪ್ಪತ್ತು ನಿಮಿಷದವರೆಗೆ ನಲ್ಲಿಯ ಮುಂದೆಯೇ ಕಳೆಯಿತು. ಕೈಗೆ ಹಚ್ಚಿಕೊಳ್ಳುವ ಸ್ಪಿರಿಟ್ ದ್ರಾವಣವಾದರೆ 20ರಿಂದ 30 ಸೆಕೆಂಡ್. ಹತ್ತು ನಿಮಿಷಕ್ಕೆ ಇಳಿಯಿತು. ಜಿನೀವಾದ ಡಾಕ್ಟರ್ ದಿದಿಯೆ ಪಿತ್ತೆ ಮತ್ತವರ ತಂಡ ಈ ದ್ರಾವಣವನ್ನು ಹಾಸಿಗೆ ಹಾಸಿಗೆಗೂ ತಂದಿಟ್ಟು, ಆಸ್ಪತ್ರೆಯಿಡೀ ಅಭಿಯಾನ ನಡೆಸಿದ್ದು ಇದೇ ಲೆಕ್ಕದ ಮೇಲೆ. 1994ರಲ್ಲಿ ಶೇ 48ರಷ್ಟಿದ್ದ ಕೈ ಶುಚಿತ್ವ 1997ರ ಹೊತ್ತಿಗೆ ಶೇ 66 ಆಯಿತು, ಆಸ್ಪತ್ರೆಯಲ್ಲೇ ತಗಲುವ ಸೋಂಕು 1998ರ ಹೊತ್ತಿಗೆ ಶೇ 16.9ರಿಂದ ಶೇ 9.9ಕ್ಕೆ ಇಳಿಯಿತು. ಅವರು ಕಂಡ ಇನ್ನೊಂದು ಸಂಗತಿಯನ್ನು ನಮ್ಮ ರೌಂಡ್ಸಿನ ಹೊತ್ತಿನಲ್ಲಿ ನೆನಪಿಡಬೇಕು: ಕೈ ತೊಳೆಯುವುದರಲ್ಲಿ ಡಾಕ್ಟರುಗಳು ನರ್ಸ್‌ಗಳಿಗಿಂತ ಹಿಂದಿದ್ದರು.

ನಮ್ಮ ಕೂಸಿದ್ದ ಘಟಕದಲ್ಲಿ ರಾತ್ರಿ ಪಾಳಿಗೆ ಆರು ಮಕ್ಕಳಿಗೆ ಒಬ್ಬರೇ ಸಿಸ್ಟರ್ ಇದ್ದ ದಿನಗಳೂ ಇದ್ದವು. ಅಷ್ಟು ಒಳ್ಳೆಯ ಘಟಕದಲ್ಲೂ. ಆ ರಾತ್ರಿಗಳಲ್ಲಿ ಅವರು ಹದಿನೈದು ಎಣಿಸಿದರೋ ಇಲ್ಲವೋ, ನನಗೆ ಕಾಣಲಿಲ್ಲ.

‘ಸೋಂಕು ನಿಯಂತ್ರಣ ನರ್ಸ್’ ಎಂಬ ಹುದ್ದೆ ಹೊಸದಲ್ಲ. ಆಸ್ಪತ್ರೆಗಳಲ್ಲಿ ಸ್ಟೆಫಿಲೊಕಾಕಸ್ ಹಾವಳಿ ಹೆಚ್ಚಿದ್ದ ಕಾಲದಲ್ಲಿ, 1959ರಲ್ಲಿ, ಬ್ರಿಟನ್ನಿನ ಟಾರ್ಕಿ ಊರಿನ ಆಸ್ಪತ್ರೆ ಇದೊಂದೇ ಕೆಲಸಕ್ಕೆಂದು ಒಬ್ಬ ಸಿಸ್ಟರ್‌ರನ್ನು ನೇಮಿಸಿತು. ಆ ದೇಶದಲ್ಲಿ ಅದೇ ಮೊದಲು. ವಾರ್ಡ್ ವಾರ್ಡ್ ತಿರುಗಿ, ಯಾರಿಗೆ ಎಲ್ಲಿ ಸೋಂಕು ಶುರುವಾಯಿತು ಎಂದು ಹುಡುಕುವುದು ಆಕೆಯ ಕೆಲಸ. ಅಮೆರಿಕದಲ್ಲಿ 1970ರ ದಶಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದು, 250 ಹಾಸಿಗೆಗೆ ಒಬ್ಬ ಇಂಥ ನರ್ಸ್, ಜೊತೆಗೆ ಕಟ್ಟುನಿಟ್ಟಾದ ನಿಗಾ ಇದ್ದ ಆಸ್ಪತ್ರೆಗಳಲ್ಲಿ ಸೋಂಕು ಸುಮಾರು ಮೂರನೇ ಒಂದು ಪಾಲು ಇಳಿದದ್ದನ್ನು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ 250 ಹಾಸಿಗೆಗೆ ಒಬ್ಬರನ್ನು ಕನಿಷ್ಠ ಎಂದು ಹೇಳುತ್ತದೆ. ಐಸಿಯು ಹೆಚ್ಚಿರುವ ಮಕ್ಕಳ ಆಸ್ಪತ್ರೆಗೆ ಅದೂ ಸಾಲದು.

ನಮ್ಮಲ್ಲಿ 2020ರ ರಾಷ್ಟ್ರೀಯ ಮಾರ್ಗಸೂಚಿ ಇದೆ, ಸ್ವಚ್ಛ ಸರ್ಕಾರಿ ಆಸ್ಪತ್ರೆಗಳಿಗೆ ಕೊಡುವ ಕಾಯಕಲ್ಪ ಪ್ರಶಸ್ತಿ ಇದೆ, ಆಸ್ಪತ್ರೆಗೊಂದು ಸೋಂಕು ನಿಯಂತ್ರಣ ಸಮಿತಿ ಇದೆ. ಎಷ್ಟೋ ಕಡೆ ಆ ಹೆಸರು ಹೊತ್ತ ನರ್ಸ್ ಮಾತ್ರ ಬೆಳಿಗ್ಗೆ ವಾರ್ಡ್ ಡ್ಯೂಟಿ ಮಾಡಿ, ಮಧ್ಯಾಹ್ನ ರಿಜಿಸ್ಟರ್ ತುಂಬಿ, ಇನ್ಸ್‌ಪೆಕ್ಷನ್ ಬರುತ್ತದೆ ಎಂದಾಗ ಬಣ್ಣದ ಕಸದ ಬುಟ್ಟಿಗಳನ್ನು ಜೋಡಿಸುವವರಾಗಿಬಿಟ್ಟಿದ್ದಾರೆ. ಗೋಡೆ ನೆಲದಿಂದ ತಿಂಗಳು ತಿಂಗಳು ಸ್ವಾಬ್ ತೆಗೆದು ಲ್ಯಾಬಿಗೆ ಕಳಿಸುವುದು, ಕೋಣೆ ಮುಚ್ಚಿ ಫಾರ್ಮಲಿನ್ ಹೊಗೆ ಹಾಕುವುದು ಇವೆರಡನ್ನೂ ತಜ್ಞರು ಬಹಳ ಕಾಲದಿಂದ ಬೇಡ ಎನ್ನುತ್ತಿದ್ದಾರೆ. ಗೋಡೆ ಮಗುವಿಗೆ ಸೋಂಕು ತರುವುದಿಲ್ಲ, ಗೋಡೆ ಮುಟ್ಟಿದ ಕೈ ತರುತ್ತದೆ. ಆದರೂ ಹೊಗೆ ನಿಂತಿಲ್ಲ. ಹೊಗೆಗೆ ಬಿಲ್ಲಿದೆ, ರಿಪೋರ್ಟಿದೆ, ಫೈಲಿದೆ. ರಾತ್ರಿ ಎರಡು ಗಂಟೆಗೆ ಲೈನಿನ ಬಾಯಿ ತಿಕ್ಕಿದ್ದಕ್ಕೆ ಇದ್ಯಾವುದೂ ಇಲ್ಲ.

ಅಧಿಕಾರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಿಷಿಗನ್ ರಾಜ್ಯದ ಉದಾಹರಣೆಯನ್ನು ಎಲ್ಲರೂ ಹೇಳುತ್ತಾರೆ. ಪೀಟರ್ ಪ್ರೊನೊವೋಸ್ಟ್ ಎಂಬ ಡಾಕ್ಟರು ಲೈನ್ ಹಾಕುವಾಗಿನ ಐದು ಕೆಲಸಗಳ ಪಟ್ಟಿ ಮಾಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 103 ಐಸಿಯುಗಳ ಸರಾಸರಿ ಸೋಂಕು 1,000 ಲೈನ್ ದಿನಗಳಿಗೆ 7.7ರಿಂದ 1.4ಕ್ಕೆ ಇಳಿದಿತ್ತು. ಎಲ್ಲರೂ ಆ ಪಟ್ಟಿಯನ್ನು ನಕಲು ಮಾಡಿದರು. ಕಡಿಮೆ ಜನ ನಕಲು ಮಾಡಿದ್ದು ಅದರ ಜೊತೆಗಿದ್ದ ಒಂದು ಸಾಲನ್ನು: ಪಟ್ಟಿಯ ಒಂದು ಹೆಜ್ಜೆ ತಪ್ಪಿದರೂ, ತುರ್ತಲ್ಲದಿದ್ದರೆ, ಡಾಕ್ಟರನ್ನು ಅಲ್ಲೇ ನಿಲ್ಲಿಸುವ ಅಧಿಕಾರ ನರ್ಸ್‌ಗಿತ್ತು, ಆಡಳಿತ ಅವರ ಬೆನ್ನಿಗೆ ನಿಂತಿತ್ತು. ಪಟ್ಟಿಯನ್ನು ಗೋಡೆಗೆ ಅಂಟಿಸಲು ಐದು ನಿಮಿಷ ಸಾಕು. ನಿಲ್ಲಿಸಿದ ನರ್ಸ್‌ಗೆ ಮರುದಿನ ಮೆಮೊ ಬರದಂತೆ, ಪಾಳಿ ಬದಲಾಗದಂತೆ ನೋಡಿಕೊಳ್ಳಲು ಒಬ್ಬ ಗಟ್ಟಿ ನರ್ಸಿಂಗ್ ಸೂಪರಿಂಟೆಂಡೆಂಟ್ ಬೇಕು, ಆಕೆಯ ಮಾತಿಗೆ ಕಿವಿಗೊಡುವ ನಿರ್ದೇಶಕರು ಬೇಕು.

ಇಂದೋರ್‌ನ ಮಹಾರಾಜ ಯಶವಂತರಾವ್ ಆಸ್ಪತ್ರೆಯ ಘಟನೆ ಇನ್ನೂ ಹಸಿಯಾಗಿದೆ. 2025ರ ಆಗಸ್ಟ್ ಕೊನೆಯಲ್ಲಿ ಅಲ್ಲಿನ ನವಜಾತ ಶಿಶುಗಳ ಐಸಿಯುನಲ್ಲಿ ಎರಡು ಕೂಸುಗಳನ್ನು ಇಲಿ ಕಚ್ಚಿತು. ಎರಡೂ ತೀರಿಕೊಂಡವು. ಸಾವಿಗೆ ಬೇರೆ ಕಾಯಿಲೆ ಕಾರಣ ಎಂದಿತು ಆಸ್ಪತ್ರೆ. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಮೊದಲ ಸುತ್ತಿನಲ್ಲೇ ಇಬ್ಬರು ನರ್ಸಿಂಗ್ ಆಫೀಸರ್‌ಗಳ ಅಮಾನತಾಯಿತು, ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆ ಕಳೆದುಕೊಂಡರು. ಗುತ್ತಿಗೆ ಕಂಪನಿಗೆ ಒಂದು ಲಕ್ಷ ರೂಪಾಯಿ ದಂಡ. ನರ್ಸ್‌ಗಳ ತಪ್ಪು ಏನೂ ಇರಲಿಲ್ಲ ಎಂದು ನಾನು ವಾದಿಸುತ್ತಿಲ್ಲ. ಮಕ್ಕಳಿದ್ದ ಕೋಣೆ ಅವರ ಕಣ್ಣೆದುರೇ ಇತ್ತು. ಆದರೆ ಇಲಿ ಹಿಡಿಯುವ ಗುತ್ತಿಗೆ ಯಾರಿಗೆ ಕೊಡಬೇಕು, ಕೆಲಸ ಸರಿಯಾಗದಿದ್ದರೆ ಬಿಲ್ ತಡೆಹಿಡಿಯಬೇಕೇ, ಇಲಿ ಕಂಡ ಕೋಣೆಯನ್ನು ಇಂದೇ ಮುಚ್ಚಿ ಮಕ್ಕಳನ್ನು ಬೇರೆಡೆ ಸಾಗಿಸಬೇಕೇ ಎಂಬ ಮೂರು ಪ್ರಶ್ನೆಗಳಿಗೆ ನಮ್ಮ ಬಹುಪಾಲು ಸರ್ಕಾರಿ ಆಸ್ಪತ್ರೆಗಳಲ್ಲಿ ಸೂಪರಿಂಟೆಂಡೆಂಟ್ ಸಹಿಗೆ ಬೆಲೆ ಇದೆಯೇ? ನೆಲ ಒರೆಸುವ ಆಯಾ ಕೂಡ ಏಜೆನ್ಸಿಯ ನೌಕರಳು. ‘ಹೈಪೋ ಇಷ್ಟು ನೀರಿಗೆ ಇಷ್ಟು ಬೆರೆಸಮ್ಮ’ ಎಂದು ಕ್ರಿಮಿನಾಶಕದ ಬಗ್ಗೆ ಸಿಸ್ಟರ್ ಹೇಳಬಹುದು, ಬೆರೆಸದಿದ್ದರೆ ಕೇಳುವ ಹಕ್ಕು ಏಜೆನ್ಸಿಯ ಸೂಪರ್‌ವೈಸರ್‌ದು.

ನಾನು ಬೇಡುವುದು ದೊಡ್ಡದೇನಲ್ಲ. ಸೋಂಕು ನಿಯಂತ್ರಣ ನರ್ಸ್‌ಗೆ ವಾರ್ಡ್ ಡ್ಯೂಟಿ ಹಾಕಬಾರದು. ಮಕ್ಕಳ ಸಂಖ್ಯೆ ಮಿತಿ ಮೀರಿದಾಗ, ಹೊಸ ದಾಖಲಾತಿ ನಿಲ್ಲಿಸಿ ಬೇರೆ ಆಸ್ಪತ್ರೆಯ ಹಾಸಿಗೆ ಹುಡುಕಲು ಸೂಚಿಸುವ ಅಧಿಕಾರ ಸೂಪರಿಂಟೆಂಡೆಂಟ್‌ಗೆ ಬರಹದಲ್ಲಿ ಇರಬೇಕು. ಸ್ವಚ್ಛತೆಯ ಗುತ್ತಿಗೆ ಬಿಲ್ಲಿಗೆ ಅವರ ಸಹಿ ಇಲ್ಲದೆ ಹಣ ಬಿಡುಗಡೆ ಆಗಬಾರದು. ಐಸಿಯು ನರ್ಸ್ ಮೂರು ತಿಂಗಳಿಗೊಮ್ಮೆ ಬದಲಾಗುವ ಗುತ್ತಿಗೆಯವರಾಗಿರಬಾರದು. ಲೈನ್ ಕಾಯುವ ಕೈ ಪಳಗಲು ಸಮಯ ಬೇಕು.

ಅಧಿಕಾರ ಎಂದರೆ ಗದರುವುದಲ್ಲ. ನಮ್ಮ ಸಿಸ್ಟರ್ ತಾಯಂದಿರ ಜೊತೆ ನಡೆದುಕೊಂಡ ರೀತಿಯಲ್ಲಿ ನಾನದನ್ನು ಕಂಡೆ. ಮಗುವನ್ನು ಎದೆಗೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆಗೆ ತಂಗಿಯನ್ನು ಒಳಗೆ ಕರೆದರು. ಮೊಣಕೈ ಕೆಳಗೆ ಏನೂ ಇರಬಾರದು. ತಂಗಿಯ ಕೈತುಂಬ ಹಸಿರು ಗಾಜಿನ ಬಳೆ. ಹಸಿ ಬಾಣಂತಿ ಬರಿಗೈಯಲ್ಲಿ ಇರಬಾರದೆಂದು ಅಮ್ಮ ಅಳುವಂತಾದಳು. ಸಿಸ್ಟರ್ ವಾದ ಮಾಡಲಿಲ್ಲ. ಸೋಪು ಹಚ್ಚಿ ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದು, ತೊಳೆದು, ಹೊಸ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ತಂಗಿಯ ಸೊಂಟಕ್ಕೇ ಕಟ್ಟಿದರು. “ಮೈಮೇಲೇ ಇದೆ ನೋಡಿ ಅಜ್ಜಿ, ಎಲ್ಲೂ ಹೋಗಿಲ್ಲ.” ಆಮೇಲೆ ಅಮ್ಮನೇ ಬೇರೆ ಬಾಣಂತಿಯರ ಮನೆಯವರಿಗೆ ಹೇಳಿಕೊಡತೊಡಗಿದಳು. ಹಾಲು ಕುಡಿಸುವ ಒಳಲೆಯನ್ನು ಎಷ್ಟು ಹೊತ್ತು ಕುದಿಸಬೇಕೆಂದು ಕೇಳಿ ತಿಳಿದುಕೊಂಡು, ಅದನ್ನೂ.

ತಾಯಿಯನ್ನು ಹೊರಗಿಡುವುದೇ ಶುಚಿ ಎಂದು ನಂಬಿದ್ದ ಕಾಲವೊಂದಿತ್ತು. ಭಾರತವೂ ಸೇರಿ ಐದು ದೇಶಗಳ 3,211 ಶಿಶುಗಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಅಪ್ಪಿಸಿದ ಕಡಿಮೆ ತೂಕದ ಮಕ್ಕಳಲ್ಲಿ ಮೊದಲ 28 ದಿನದ ಸಾವು ಶೇ 12ರಷ್ಟಿತ್ತು. ಆರೋಗ್ಯ ಸ್ಥಿರವಾಗುವವರೆಗೆ ಕಾದು ಅಪ್ಪಿಸಿದವರಲ್ಲಿ ಶೇ 15.7. ಸೆಪ್ಸಿಸ್ ಸಂಶಯ ಬಂದ ಮಕ್ಕಳೂ ಮೊದಲ ಗುಂಪಿನಲ್ಲಿ ಕಡಿಮೆ. ತಾಯಿಯ ಮೈಮೇಲಿನ ಕ್ರಿಮಿ ಮಗುವಿಗೆ ನೆಂಟ, ಆಸ್ಪತ್ರೆಯ ಕ್ರಿಮಿ ಅಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯನ್ನು ಜಿಲ್ಲೆಯುದ್ದಕ್ಕೂ ಹಬ್ಬಿಸುವ ಪ್ರಯತ್ನ ನಡೆದಿದೆ. ಇಂಥ ಕೆಲಸ ಊರುವುದು ಹೀಗೆ ಪ್ರತಿ ಅಜ್ಜಿಯನ್ನೂ ಒಪ್ಪಿಸುವ ಸಿಸ್ಟರ್‌ಗಳಿಂದ.

ಆ ಘಟಕದ ಬಾಗಿಲ ಪಕ್ಕ ಒಂದು ಬಿಳಿ ಬೋರ್ಡ್ ಇತ್ತು. ‘ಕೊನೆಯ ಲೈನ್ ಸೋಂಕಿನಿಂದ ಇಂದಿಗೆ’ ಎಂದು ಬರೆದು, ಮುಂದೆ ದಿನಗಳ ಸಂಖ್ಯೆ. ನಾವು ಸೇರಿದ ದಿನ 41. ದಿನಾ ಬೆಳಿಗ್ಗೆ ಅದು ಒಂದೊಂದು ಏರುವುದನ್ನು ನೋಡುವುದು ನನಗೂ ರೂಢಿಯಾಗಿತ್ತು. ಹನ್ನೊಂದನೆಯ ದಿನ ಸಿಸ್ಟರ್ ತಾವೇ ಬಂದು 51 ಅನ್ನು ಒರೆಸಿ, 0 ಎಂದು ಬರೆದರು. ಯಾವ ಮಗುವಿಗೆ ಎಂದು ನಾವ್ಯಾರೂ ಕೇಳಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ, ಪಾಳಿ ಬದಲಾಗುವ ಹೊತ್ತಿಗೆ, ಎರಡೂ ಪಾಳಿಯ ನರ್ಸ್‌ಗಳು, ಆ ಹಿರಿಯ ಡಾಕ್ಟರು, ನೆಲ ಒರೆಸುವ ಆಯಾ ಎಲ್ಲರೂ ಆ ಸಣ್ಣ ಕೋಣೆಯಲ್ಲಿ ನಿಂತು ಅರ್ಧ ಗಂಟೆ ಮಾತಾಡಿದರು. ಗಾಜಿನಾಚೆಯಿಂದ ಮಾತು ಕೇಳಿಸುತ್ತಿರಲಿಲ್ಲ. ಆಯಾ ಕೈ ಎತ್ತಿ ಏನೋ ಹೇಳುತ್ತಿದ್ದಳು, ಸಿಸ್ಟರ್ ಬರೆದುಕೊಳ್ಳುತ್ತಿದ್ದರು. ಕೂಸನ್ನು ಮನೆಗೆ ಕರೆದುಕೊಂಡು ಹೊರಟ ದಿನ ಬೋರ್ಡಿನಲ್ಲಿ 8 ಇತ್ತು.